ಹೊಳೆಯಾಚೆಯ ಔಷಧ

"ಗುರುಗಳೇ, ವೈದ್ಯನೊಬ್ಬ ಔಷಧವನ್ನು ಸಿದ್ಧವಾಗಿಟ್ಟುಕೊಂಡು, ಬಂದವರಿಗೆಲ್ಲ ಭೇದವೆಣಿಸದೆ ಕೊಟ್ಟರೆ ಅವನ ಕರ್ತವ್ಯ ಮುಗಿಯಿತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೊಳೆಯ ನಡುಗಡ್ಡೆಯೊಂದರಲ್ಲಿ ಹುಲಿಗೆಮ್ಮ ಎಂಬ ಚಾಪೆ ಹೆಣೆಯುವ ಹೆಂಗಸಿದ್ದಳು. ಅವಳ ಮಗ ಯಂಕೋಬನಿಗೆ ಹುಟ್ಟಿನಿಂದಲೇ ಒಂದು ರೋಗ. ರಕ್ತ ಸೋರಲು ಶುರುವಾದರೆ ಹೆಪ್ಪುಗಟ್ಟುತ್ತಿರಲಿಲ್ಲ. ಅವಳ ಇಬ್ಬರು ಅಣ್ಣಂದಿರು ಇದೇ ರೋಗದಿಂದ ಮೀಸೆ ಮೂಡುವ ಮೊದಲೇ ತೀರಿಕೊಂಡಿದ್ದರು. ಇದಕ್ಕೆ ಈಗ ಔಷಧವಿದೆ ಎಂದು ತಿಳಿದ ದಿನ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು.

ಆಸ್ಪತ್ರೆ ದೂರದ ಪಟ್ಟಣದಲ್ಲಿತ್ತು. ಹರಿಗೋಲಿನಲ್ಲಿ ಹೊಳೆ ದಾಟಿ, ಎರಡು ಹರದಾರಿ ನಡೆದು, ಬಸ್ಸು ಹಿಡಿಯಬೇಕು. ಹುಡುಗನ ಮೊಣಕಾಲಿನೊಳಗೆ ರಕ್ತ ಸೋರಿದಾಗಲೆಲ್ಲ ತಾಯಿ ಅವನನ್ನು ಹೊತ್ತು ಹೊರಡುತ್ತಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಬಾತು ಬಿಗಿದಿರುತ್ತಿತ್ತು. ವೈದ್ಯ ಒಳ್ಳೆಯವನು, ತಡಮಾಡದೆ ಸೂಜಿ ಹಾಕುತ್ತಿದ್ದ. ಆದರೂ ಹನ್ನೊಂದನೆಯ ವಯಸ್ಸಿಗೆ ಆ ಕಾಲು ಮಡಚಿದ್ದು ಮತ್ತೆ ನೆಟ್ಟಗಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಮ್ಮೆ ಅವಳು ವೈದ್ಯನಿಗೆ ಕೈಮುಗಿದಳು. "ಸಾಹೇಬ್ರ, ನಾಲ್ಕು ಸೀಸೆ ನಮ್ಮ ಗಡ್ಡಿಯೊಳಗ ಇಡ್ರಿ. ಒಮ್ಮೆ ಬಂದು ಸೂಜಿ ಹಾಕೋದು ಕಲಿಸ್ರಿ. ನಾ ಕಲೀತೀನಿ."

"ಅದೆಲ್ಲ ಆಗದಮ್ಮ. ರಕ್ತ ಬಂದ ಕೂಡಲೇ ಕರೆದುಕೊಂಡು ಬಾ. ನಾನು ಇಲ್ಲೇ ಇರುತ್ತೇನಲ್ಲ" ಎಂದ ವೈದ್ಯ. ಅವನು ಸುಳ್ಳು ಹೇಳಲಿಲ್ಲ. ಯಾವಾಗಲೂ ಅಲ್ಲೇ ಇದ್ದ.

ಮಳೆಗಾಲ ಬಂತು. ಹೊಳೆ ದಡ ಮೀರಿತು. ಅಂಥ ಒಂದು ಬೆಳಿಗ್ಗೆ ಯಂಕೋಬ ಅಂಗಳದಲ್ಲಿ ಜಾರಿ ಬಿದ್ದ. ತಲೆಗೆ ಪೆಟ್ಟಾಯಿತು, ಹೊರಗೆ ಗಾಯವೇ ಇರಲಿಲ್ಲ. ಮಧ್ಯಾಹ್ನ ವಾಂತಿ ಮಾಡಿಕೊಂಡು, "ಅವ್ವಾ, ಕಣ್ಣಿಗೆ ಕತ್ತಲಿ ಬರ್ತದ" ಎಂದ. ಅಂಬಿಗ ಎರಡು ಸಲ ಹರಿಗೋಲು ಇಳಿಸಿದ, ಎರಡು ಸಲವೂ ಸೆಳವಿಗೆ ಹೆದರಿ ಮರಳಿದ. ತಾಯಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಡದಲ್ಲೇ ಕೂತಳು. ನೀರು ಇಳಿದದ್ದು ಮೂರನೆಯ ದಿನ.

ಮುಂದಿನ ವಾರ ಹುಲಿಗೆಮ್ಮ ಒಬ್ಬಳೇ ಆಸ್ಪತ್ರೆಗೆ ಬಂದಳು. ಅವಳನ್ನು ಕಂಡೊಡನೆ ವೈದ್ಯ ಔಷಧ ತರಲು ಎದ್ದ.

"ಬ್ಯಾಡ್ರಿ ಸಾಹೇಬ್ರ" ಎಂದಳು. "ಆ ಸೀಸೆ ಬ್ಯಾರೆ ಯಾರಿಗರ ಆಗ್ತದ, ಇರ್ಲಿ. ನಿಮಗ ಹೇಳಿ ಹೋಗೋಣಂತ ಬಂದೆ."



ಗುರು ಇಷ್ಟಕ್ಕೆ ಕಥೆ ಮುಗಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಹೊಳೆಯೇ ಅಡ್ಡ ಬಂದರೆ ವೈದ್ಯ ತಾನೇ ಏನು ಮಾಡಿಯಾನು?" ಎಂದ.

"ಮಳೆಗೆ ಮುಂಚೆ ಎಂಟು ತಿಂಗಳು ಆ ಹೊಳೆ ವೈದ್ಯನಿಗೂ ದಾರಿ ಬಿಟ್ಟಿತ್ತು" ಎಂದರು ಗುರು.