ಚಪ್ಪಾಳೆಗೆ ಹಂಬಲಿಸಿದ ಬಾಟಲಿ

ಸೀಬೆತೋಟದಲ್ಲಿ ಹಣ್ಣುನೊಣ ಎಷ್ಟಿದೆಯೆಂದು ತಿಳಿಯಲು ಶಾಲೆಯ ಮಕ್ಕಳು ಮರಕ್ಕೊಂದರಂತೆ ಬೆಲ್ಲದ ನೀರಿನ ಬಾಟಲಿ ತೂಗುಹಾಕಿದ್ದರು. ಪ್ರತಿ ಶನಿವಾರ ಬಂದು ಎಣಿಸುವುದು, ಹೆಚ್ಚು ನೊಣ ಹಿಡಿದ ಬಾಟಲಿಗೆ ಚಪ್ಪಾಳೆ ತಟ್ಟುವುದು ಅವರ ರೂಢಿ. ಮೂಲೆ ಮರದ ಬಾಟಲಿಗೆ ಮಾತ್ರ ಒಮ್ಮೆಯೂ ಚಪ್ಪಾಳೆ ಬಿದ್ದಿರಲಿಲ್ಲ. ಅದು ಒಳಗೊಳಗೇ ಕುದಿಯುತ್ತಿತ್ತು.

ಕೊನೆಗೆ ಒಂದು ಶುಕ್ರವಾರ ಮೇಲಿನ ಕೊಂಬೆಯಲ್ಲಿ ಬಲೆ ಕಟ್ಟಿದ್ದ ಜೇಡವನ್ನು ಬೇಡಿತು: "ಜೇಡಕ್ಕಾ, ನೀನು ತಿಂದು ಬಿಟ್ಟ ನೊಣಗಳನ್ನಾದರೂ ನನ್ನೊಳಗೆ ಉದುರಿಸು. ನಾಳೆ ನನ್ನ ಮಾನ ಉಳಿಸು."

"ನಾನು ಕಾಯುತ್ತಿರುವುದರಿಂದ ಈ ಮರದಲ್ಲಿ ನೊಣವಿಲ್ಲ. ಇಲ್ಲವೆಂದು ಹೇಳುವುದೇ ನಿನ್ನ ಕೆಲಸ. ಅದಕ್ಕೆ ನಾಚಿಕೆ ಏಕೆ?"

"ಖಾಲಿ ಬಾಟಲಿಯನ್ನು ಯಾರು ಮೂಸಿ ನೋಡುತ್ತಾರಕ್ಕಾ?" ಎಂದು ಬಾಟಲಿ ಗೋಗರೆಯಿತು.

ಜೇಡಕ್ಕೆ ಅಯ್ಯೋ ಎನಿಸಿತು. ಬಲೆಯನ್ನು ಕೊಡವಿತು.

ಮರುದಿನ ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಬಾಟಲಿ ಉಬ್ಬಿಹೋಯಿತು. ತೋಟದ ಯಜಮಾನ ಗುರುಬಸಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡ. "ನೊಣ ಇಷ್ಟೊಂದು ಏರಿದೆಯಾ? ಇನ್ನು ಸುಮ್ಮನಿದ್ದರೆ ಒಂದು ಹಣ್ಣೂ ದಕ್ಕಲ್ಲ," ಎಂದವನೇ ಅಂದು ಸಂಜೆಯೇ ಆ ಮರಕ್ಕೆ ಔಷಧಿ ಹೊಡೆಸಿದ.

ಮುಂದಿನ ಶನಿವಾರ ನಾಗವೇಣಿ ಎಂಬ ಹುಡುಗಿ ಬಾಟಲಿಯೊಳಗೆ ಇಣುಕಿದಳು.

"ನೊಣ ಒಂದೂ ಇಲ್ಲ! ಜೇಡ ಒಂದು ಸತ್ತು ಬಿದ್ದಿದೆ, ಅಷ್ಟೇ. ಅದು ನಮ್ಮ ಲೆಕ್ಕಕ್ಕೆ ಬರಲ್ಲ," ಎಂದು ಅದನ್ನು ನೆಲಕ್ಕೆ ಸುರಿದಳು.

ಔಷಧಿಯಿಂದ ನೊಣ ತೊಲಗಿತೆಂದು ಖಾಲಿ ಬಾಟಲಿಗೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.