ಫಲಕದೊಳಗೆ ಮುಚ್ಚಿಟ್ಟದ್ದು

ಶಿಷ್ಯ ಕೇಳಿದ: "ಗುರುಗಳೇ, ನಾವು ಜನರಿಗೆ ಹಂಚುವ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶದೊಳಗೆ, ಯಂತ್ರದ ಭಾಗಗಳನ್ನು ಒಳಗಿನಿಂದ ನಡೆಸುವ ಒಂದೆರಡು ಫರ್ಮ್‌ವೇರ್ ಮಾತ್ರ ಕಂಪನಿಯವರದು. ಅದರಲ್ಲೇನಿದೆಯೆಂದು ನಮಗೂ ಗೊತ್ತಿಲ್ಲ, ತಿದ್ದಲೂ ಬರುವುದಿಲ್ಲ. ಆದರೆ ಅದಿಲ್ಲದೆ ಕೆಲವು ಯಂತ್ರಗಳು ನಡೆಯುವುದಿಲ್ಲ. ನಡೆಯುತ್ತಿರುವಾಗ ಅದನ್ನು ಹೇಳಿ ಜನರನ್ನು ಯಾಕೆ ಗಾಬರಿಪಡಿಸಬೇಕು?"

ಗುರುಗಳು ಹೇಳಿದರು:

ಒಬ್ಬ ತಂತ್ರಜ್ಞನಿದ್ದ. ಸ್ವತಂತ್ರ ತಂತ್ರಾಂಶವಲ್ಲದೆ ಬೇರೆಯದನ್ನು ಮುಟ್ಟದವನೆಂದು ಊರಲ್ಲಿ ಹೆಸರಾಗಿದ್ದ. ಅವನ ಬೀದಿಯಲ್ಲೇ ಒಬ್ಬ ಹೆಂಗಸಿದ್ದಳು. ಹುಟ್ಟಿನಿಂದ ಅವಳಿಗೆ ಕಣ್ಣಿಲ್ಲ. ನಡುವಯಸ್ಸಿನಲ್ಲಿ ಕಿವಿಯೂ ಮಂದವಾಯಿತು. ದೂರದೂರಿನ ತಂಗಿ ಇಮೇಲ್‌ನಲ್ಲಿ ಬರೆಯುವ ಪತ್ರಗಳನ್ನು ತಾನೇ ಓದಬೇಕೆಂದು ಕಂಪ್ಯೂಟರ್ ಕೊಂಡಳು. ಪರದೆಯ ಅಕ್ಷರಗಳನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಫಲಕವೂ ಬೇಕಿತ್ತು. ತಂತ್ರಜ್ಞ ಎರಡು ತಂದು ತೋರಿಸಿದ. ಒಂದು ಒರಟು, ನಿಧಾನ, ಆದರೆ ಒಳಗೆಲ್ಲ ತೆರೆದದ್ದು, ತಿದ್ದಲು ಬರುವಂಥದ್ದು. ಇನ್ನೊಂದು ಚುರುಕು, ಆದರೆ ಮುಚ್ಚಿದ ಫರ್ಮ್‌ವೇರ್‌ನಿಂದ ನಡೆಯುವಂಥದ್ದು.

ಅವಳು ಕೇಳಿದಳು: "ಕೆಟ್ಟರೆ ನಿನ್ನ ಕೈಲಿ ಸರಿಮಾಡೋಕೆ ಆಗುತ್ತೇನಪ್ಪಾ?"

ಚುರುಕಿನದು ಕೆಟ್ಟರೆ ತನ್ನ ಕೈಲಾಗದೆಂದು ಅವನಿಗೆ ಗೊತ್ತಿತ್ತು. ಹೇಳಿದರೆ ಸುಮ್ಮನೆ ಗೊಂದಲ ಎಂದುಕೊಂಡ. ಅವಳ ಕಿವಿಯ ಬಳಿ ಬಾಗಿ, "ಎಲ್ಲವೂ ತೆರೆದೇ ಇದೆ ಅಕ್ಕಾ, ಚಿಂತೆ ಬೇಡ" ಎಂದು ಕೂಗಿ ಹೇಳಿದ. ಅವಳು ಚುರುಕಿನದನ್ನೇ ಕೊಂಡಳು.

ಮೂರು ವರ್ಷ ತಂಗಿಯ ಪತ್ರಗಳನ್ನು ಯಾರ ಹಂಗೂ ಇಲ್ಲದೆ ಓದಿದಳು. ಆಮೇಲೆ ಫರ್ಮ್‌ವೇರ್‌ನಲ್ಲೇ ಒಂದು ದೋಷ ಹೊರಬಿತ್ತು, ಚುಕ್ಕಿಗಳು ಏಳದಾದವು. ಅದನ್ನು ಮಾಡಿದ ಕಂಪನಿ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ತಂತ್ರಜ್ಞ ಹತ್ತು ದಿನ ಫಲಕದ ಮುಂದೆ ಕುಳಿತ. ಒಳಗೆ ನೋಡಲು ದಾರಿಯಿರಲಿಲ್ಲ. ಆ ಒರಟು ಫಲಕವೂ ಈಗ ಎಲ್ಲೂ ಸಿಗಲಿಲ್ಲ.

ಪಕ್ಕದ ಮನೆಯವರು ಪತ್ರ ಓದಿ ಹೇಳತೊಡಗಿದರು. ಅವಳಿಗೆ ಕೇಳಿಸಲೆಂದು ಕೂಗಿ ಓದಬೇಕಿತ್ತು. ತಂಗಿ ಅಕ್ಕನಿಗಷ್ಟೇ ಬರೆದ ಸಂಸಾರದ ನೋವನ್ನು ಬೀದಿಯೆಲ್ಲ ಕೇಳಿತು. ಎರಡನೇ ಪತ್ರದ ಹೊತ್ತಿಗೆ ಅವಳು ಓದುವವರನ್ನು ತಡೆದು, "ಇನ್ನು ಮೇಲೆ ಕ್ಷೇಮ ಅಂತಷ್ಟೇ ಬರಿ" ಎಂದು ತಂಗಿಗೆ ಬರೆಸಿದಳು. ತಂಗಿ ಹಾಗೆಯೇ ಬರೆದಳು.

ಅದನ್ನು ಕೇಳಿದ ತಂತ್ರಜ್ಞ ಅವಳ ಮನೆಗೆ ನಡೆದ. ಹೋಗಿ ಎಲ್ಲವನ್ನೂ ಒಪ್ಪಿಕೊಂಡ.

ಅವಳು ಬಹಳ ಹೊತ್ತು ಫಲಕದ ಮೇಲೆ ಕೈಯಾಡಿಸಿದಳು. "ಅವತ್ತೇ ಹೇಳಿದ್ದರೆ ಆ ಒರಟಿನದನ್ನೇ ತಗೋತಿದ್ದೆ. ಇಲ್ಲ, ಗೊತ್ತಿದ್ದೂ ಇದನ್ನೇ ತಗೋತಿದ್ದೆನೋ ಏನೋ. ಆರಿಸೋದು ನನ್ನ ಪಾಲಿನದಾಗಿತ್ತಲ್ಲಪ್ಪಾ" ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: "ಅವಳು ಅವನನ್ನು ಕ್ಷಮಿಸಿದಳೇ?"

"ಕ್ಷಮಿಸಿದಳು, ಆದರೆ ಅಂದಿನಿಂದ ಅವನು ಏನು ಹೇಳಿದರೂ ಇನ್ನೊಬ್ಬರನ್ನು ಕೇಳಿಯೇ ನಂಬುತ್ತಿದ್ದಳು."