ಸಾಹೇಬನ ಕಣ್ಣೆದುರಿನ ಸಿಲಿಂಡರ್

ನಮ್ಮ ಕಾರವಾರದ ದುರ್ಗಪ್ಪ ಹರಿಕಂತ್ರ ಏಳು ಸಮುದ್ರದ ಮೇಲೂ ಸಾರು ಕುದಿಸಿದವನು. ಸುಳ್ಳಾದರೆ ಮೀನುಗಳನ್ನೇ ಕೇಳಿ! ಅವನು ಅಡುಗೆಗಿದ್ದ ವಿಹಾರನೌಕೆ ಪರದೇಶದ ಬಂದರು ಮುಟ್ಟುವಷ್ಟರಲ್ಲಿ ಗ್ಯಾಸ್ ಮುಗಿಯಿತು.

"ಮಧ್ಯಾಹ್ನ ಸಾರಿಲ್ಲದಿದ್ದರೆ ನೀನು ಈಜಿಕೊಂಡೇ ಊರಿಗೆ ಹೋಗು," ಎಂದ ಯಜಮಾನ.

ಬಂದರಿನ ಗ್ಯಾಸ್ ಕಚೇರಿಯ ಸಾಹೇಬ ದುರ್ಗಪ್ಪ ಹೊತ್ತು ತಂದ ಖಾಲಿ ಸಿಲಿಂಡರನ್ನು ಮೂಸಿಯೂ ನೋಡಲಿಲ್ಲ. "ಹೊರದೇಶದ್ದಕ್ಕೆ ಬದಲಿ ಕೊಡುವುದಿಲ್ಲ. ನಮ್ಮ ಸಿಲಿಂಡರ್ ನನ್ನ ಕಣ್ಣೆದುರಿನಿಂದ ಕದಲಕೂಡದು!"

"ಕದಲುವುದೇ ಬೇಡ ಸಾಹೇಬರೇ," ಎಂದ ದುರ್ಗಪ್ಪ. ನೌಕೆಯ ಒಲೆಯನ್ನೇ ಹೊತ್ತು ತಂದು ಸಾಹೇಬನ ಮೇಜಿನ ಮೇಲಿಟ್ಟ. ಅಲ್ಲಿದ್ದ ಸಿಲಿಂಡರಿಗೇ ಜೋಡಿಸಿದ. ಸಿಲಿಂಡರ್ ಕದಲದ ಮೇಲೆ ಸಾಹೇಬನಾದರೂ ಏನೆಂದಾನು? ದುರ್ಗಪ್ಪ ಮೂರು ಹಿಡಿ ಒಣಮೆಣಸಿನ ಒಗ್ಗರಣೆ ಹಾಕಿದ. ಕಚೇರಿ ಕೆಮ್ಮಿತು. ಬಂದರು ಸೀನಿತು. ಆ ಸೀನಿನ ಗಾಳಿಗೆ ನಾಲ್ಕು ಹಾಯಿಹಡಗು ತಾವಾಗಿಯೇ ಹೊರಟವು.

"ಮಾರಾಯಾ, ಸಿಲಿಂಡರ್ ತಗೊಂಡು ತೊಲಗು!"

"ಅದು ನಿಮ್ಮ ಕಣ್ಣೆದುರೇ ಇರಬೇಕಲ್ಲ?"

"ಕಣ್ಣು ಬಿಡಲಿಕ್ಕಾದರೆ ತಾನೇ!"